ಓದುಗರ ಪ್ರಶ್ನೆ: ಕಂಪ್ಯೂಟರ್ ಮೇಜಿನ ಸ್ಪೀಕರ್‌ಗೆ ಕಿವಿಗೊಡುವ ಬಗೆ

ಈ ಬಾರಿಯ ಅಂಚೆಯಲ್ಲಿ ಕಂಪ್ಯೂಟರ್ ಸ್ಪೀಕರ್‌ಗೆ ಸಂಬಂಧಿಸಿದ ಪ್ರಶ್ನೆಗಳೇ ಹೆಚ್ಚಾಗಿದ್ದುದರಿಂದ ಇಡೀ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇನೆ. ಒಂದೇ ಜೋಡಿ ಸ್ಪೀಕರ್‌ನಲ್ಲಿ ಹಾಡನ್ನೂ ಕೇಳಬೇಕು, ಗೇಮನ್ನೂ ಆಡಬೇಕು ಎನ್ನುವವರ ಪತ್ರಗಳಿವು. ಹೆಚ್ಚುಕಡಿಮೆ ಒಂದೇ ಅರ್ಥದ ಪತ್ರಗಳನ್ನು ಒಟ್ಟಿಗೆ ಸೇರಿಸಿದ್ದೇನೆ.

ಪ್ರಶ್ನೆ: ಅಂಗಡಿಯಲ್ಲಿ ಒಂದೇ ಬೆಲೆಯ ಎರಡು ಸೆಟ್ ತೋರಿಸಿದರು. ಒಂದರ ಡಬ್ಬಿಯ ಮೇಲೆ 2,500 ವ್ಯಾಟ್ ಪಿಎಂಪಿಒ ಎಂದಿದೆ, ಇನ್ನೊಂದರ ಮೇಲೆ 24 ವ್ಯಾಟ್ ಆರ್‌ಎಂಎಸ್ ಎಂದಿದೆ. ಇಷ್ಟು ಅಂತರವಿರುವಾಗ ಎರಡನೆಯದನ್ನು ಯಾರಾದರೂ ಏಕೆ ಕೊಳ್ಳುತ್ತಾರೆ?
— ಎಂಜಿನಿಯರಿಂಗ್ ವಿದ್ಯಾರ್ಥಿ, ದಾವಣಗೆರೆ

ಉತ್ತರ: ಮೊದಲ ಡಬ್ಬಿಯೊಳಗಿನ ಅಡಾಪ್ಟರನ್ನು ತೆಗೆಸಿ, ಅದರ ಬೆನ್ನಿನ ಮೇಲೆ ಸಣ್ಣ ಅಕ್ಷರಗಳಲ್ಲಿರುವುದನ್ನು ಓದಿ. 12 ವೋಲ್ಟ್, 2 ಆಂಪಿಯರ್ ಎಂದಿದ್ದರೆ ಎರಡನ್ನೂ ಗುಣಿಸಿ; 24 ವ್ಯಾಟ್ ಆಯಿತು. ಒಳಗೆ ಹೋಗುವ ವಿದ್ಯುತ್ತೇ 24 ವ್ಯಾಟ್ ಆಗಿರುವಾಗ ಹೊರಗೆ ಬರುವ ಸದ್ದಿನ ಶಕ್ತಿ ಸತತವಾಗಿ ಅದಕ್ಕಿಂತ ಹೆಚ್ಚಿರಲು ಸಾಧ್ಯವಿಲ್ಲ. ಆ್ಯಂಪ್ಲಿಫೈಯರ್ ತಾನು ಬಿಸಿಯಾಗುವುದರಲ್ಲಿ ಕಳೆಯುವ ಪಾಲನ್ನು ತೆಗೆದರೆ ಇನ್ನೂ ಕಡಿಮೆಯೇ. ನಿಜವಾಗಿ 2,500 ವ್ಯಾಟ್ ಎಳೆಯುವ ವಸ್ತುವಾಗಿದ್ದರೆ ನಿಮ್ಮ ಕೋಣೆಯಲ್ಲಿ ಗೀಸರ್‌ಗೆ ಹಾಕಿಸುವಂಥ 16 ಆಂಪಿಯರ್ ಪ್ಲಗ್ ಪಾಯಿಂಟ್ ಬೇಕಾಗುತ್ತಿತ್ತು. ಪಿಎಂಪಿಒ ಎಂಬುದಕ್ಕೆ ಎಲ್ಲರೂ ಒಪ್ಪಿದ ಅಳತೆಯ ಕ್ರಮವೇ ಇಲ್ಲ. ಸದ್ದು ಎಷ್ಟೇ ವಿಕಾರವಾದರೂ ಸರಿ, ಕ್ಷಣದ ಒಂದು ಚೂರಿನಲ್ಲಿ ಎಷ್ಟು ಶಕ್ತಿ ಚಿಮ್ಮಬಹುದು ಎಂದು ತಯಾರಕರು ತಮಗೆ ತೋಚಿದಂತೆ ಊಹಿಸಿ ಬರೆಯುವ ಅಂಕಿಯದು. ಆರ್‌ಎಂಎಸ್ ಎಂದು ಬರೆಯುವವರು ಸತತವಾಗಿ ಕೊಡಬಲ್ಲ ಶಕ್ತಿಯನ್ನು ಹೇಳುತ್ತಿರುತ್ತಾರೆ. ಆದ್ದರಿಂದ ಹೋಲಿಸುವುದಾದರೆ ಆರ್‌ಎಂಎಸ್ ಅಂಕಿಗಳನ್ನೇ ಹೋಲಿಸಬೇಕು.

ಹಾಗೆಂದು ಆರ್‌ಎಂಎಸ್ ಅಂಕಿಯ ಹಿಂದೆಯೂ ಓಡಬೇಕಿಲ್ಲ. ಶಕ್ತಿಯನ್ನು ಎರಡು ಪಟ್ಟು ಮಾಡಿದರೆ ಸದ್ದು ಏರುವುದು 3 ಡೆಸಿಬೆಲ್ ಮಾತ್ರ. ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಸುಮಾರು 10 ಡೆಸಿಬೆಲ್ ಏರಬೇಕು, ಅಂದರೆ ಹತ್ತು ಪಟ್ಟು ಶಕ್ತಿ ಬೇಕು. ಒಂದು ವ್ಯಾಟ್ ಕೊಟ್ಟಾಗ ಒಂದು ಮೀಟರ್ ದೂರದಲ್ಲಿ 82 ಡೆಸಿಬೆಲ್ ಸದ್ದು ಮಾಡುವ ಸಣ್ಣ ಸ್ಪೀಕರ್ ಇದೆ ಎಂದಿಟ್ಟುಕೊಳ್ಳಿ. ಮೇಜಿನ ಮುಂದೆ ನೀವು ಕೂರುವುದು ಸುಮಾರು 70 ಸೆಂಟಿಮೀಟರ್ ದೂರದಲ್ಲಿ. ಅಲ್ಲಿಗೆ ಅದೇ ಸದ್ದು 85 ಆಗುತ್ತದೆ, ಎಡ ಬಲ ಎರಡೂ ಸೇರಿದರೆ 88ರ ಹತ್ತಿರ ಬರುತ್ತದೆ. ಮನೆಯಲ್ಲಿ ನೆಮ್ಮದಿಯಾಗಿ ಹಾಡು ಕೇಳುವ ಮಟ್ಟ 70 ಡೆಸಿಬೆಲ್ ಆಸುಪಾಸಿನದು, ಅದಕ್ಕೆ ಒಂದು ವ್ಯಾಟಿನ ಐವತ್ತರಲ್ಲಿ ಒಂದು ಪಾಲು ಸಾಕು. ತಬಲಾದ ಒಂದು ಪೆಟ್ಟೋ ಗೇಮಿನ ಒಂದು ಸ್ಫೋಟವೋ ಅದರ ಮೇಲೆ 20 ಡೆಸಿಬೆಲ್ ನೆಗೆದರೂ ಪ್ರತಿ ಸ್ಪೀಕರ್‌ಗೆ ಬೇಕಾಗುವುದು ಎರಡು ವ್ಯಾಟಿನೊಳಗೆ. ಕೋಣೆಯ ಆ ತುದಿಯಲ್ಲಿ ಗೆಳೆಯರನ್ನು ಕೂರಿಸಿಕೊಂಡು ಕುಣಿಯುವ ಯೋಚನೆ ಇಲ್ಲದಿದ್ದರೆ 20 ವ್ಯಾಟ್ ಧಾರಾಳವಾಯಿತು.

ಡಬ್ಬಿಯ ಮೇಲಿನ ಇನ್ನೊಂದು ಅಂಕಿ 20ರಿಂದ 20,000 ಹರ್ಟ್ಜ್ (ಸೆಕೆಂಡಿಗೆ ಎಷ್ಟು ಕಂಪನ ಎಂಬ ಲೆಕ್ಕ) ಎಂಬುದು. ಮನುಷ್ಯನ ಕಿವಿಯ ವ್ಯಾಪ್ತಿ ಅದೇ ಆದ್ದರಿಂದ ಅದನ್ನು ಅಚ್ಚು ಹಾಕಿಬಿಡುವುದು ಸುಲಭ. ಆ ವ್ಯಾಪ್ತಿಯುದ್ದಕ್ಕೂ ಸದ್ದು ಎಷ್ಟು ಡೆಸಿಬೆಲ್ ಮೇಲೆ ಕೆಳಗೆ ಓಲಾಡುತ್ತದೆ ಎಂದು, ಉದಾಹರಣೆಗೆ 3 ಡೆಸಿಬೆಲ್ ಹೆಚ್ಚುಕಡಿಮೆ ಎಂದು, ಪಕ್ಕದಲ್ಲಿ ಬರೆದಿರದಿದ್ದರೆ ಆ ಅಂಕಿಯಿಂದ ನಿಮಗೆ ಏನೂ ತಿಳಿಯುವುದಿಲ್ಲ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕಿ. ದಿನವೂ ಹಿಂದೂಸ್ತಾನಿ ಗಾಯನ ಕೇಳುತ್ತೇನೆ. ಅದೇ ಕಂಪ್ಯೂಟರಿನಲ್ಲಿ ಮೊಮ್ಮಗ ಗೇಮ್ ಆಡುತ್ತಾನೆ. ಅವನಿಗೆ ಮೇಜಿನ ಕೆಳಗೆ ದೊಡ್ಡ ಡಬ್ಬಿ ಇರುವ 2.1 ಸೆಟ್ಟೇ ಬೇಕಂತೆ. ನನ್ನ ಸಂಗೀತಕ್ಕೂ ಅದು ಆದೀತೆ?
— ಓದುಗರು, ಧಾರವಾಡ

ಉತ್ತರ: ಮೇಡಂ, ಈ ಒಂದು ವಿಷಯದಲ್ಲಿ ನಾನು ನಿಮ್ಮ ಪಕ್ಷ. ಆದರೆ ಕಾರಣ ಹೇಳದೆ ಮೊಮ್ಮಗನನ್ನು ಒಪ್ಪಿಸಲು ಆಗುವುದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಕೆಳಸ್ವರ ಹುಟ್ಟಬೇಕಾದರೆ ಹೆಚ್ಚು ಗಾಳಿಯನ್ನು ತಳ್ಳಬೇಕು, ಹೆಚ್ಚು ಗಾಳಿಯನ್ನು ತಳ್ಳಲು ಸ್ಪೀಕರಿನ ಕೋನ್ ದೊಡ್ಡದಿರಬೇಕು. ಅಗ್ಗದ 2.1 ಸೆಟ್ಟಿನಲ್ಲಿ ಮೇಜಿನ ಮೇಲಿಡುವ ಜೋಡಿಯಲ್ಲಿ ಇರುವುದು ಎರಡು ಅಥವಾ ಎರಡೂವರೆ ಇಂಚಿನ ಕೋನ್‌ಗಳು. ಅವು 150 ಅಥವಾ 200 ಹರ್ಟ್ಜ್‌ನಿಂದ ಕೆಳಗೆ ಸೊರಗುವುದರಿಂದ ಅಲ್ಲಿಂದ ಕೆಳಗಿನದನ್ನೆಲ್ಲ ನೆಲದ ಮೇಲಿನ ಡಬ್ಬಿಗೆ, ಅಂದರೆ ಸಬ್‌ವೂಫರ್‌ಗೆ, ವಹಿಸಿಕೊಡುತ್ತಾರೆ. ಸಿನಿಮಾ ಧ್ವನಿಯ ಗುಣಮಟ್ಟಕ್ಕೆ ಹೆಸರಾದ ಟಿಎಚ್‌ಎಕ್ಸ್ ಮಾನದಂಡದಲ್ಲಿ ಈ ಕೈಬದಲಾವಣೆ ಆಗಬೇಕಾದದ್ದು 80 ಹರ್ಟ್ಜ್‌ನಲ್ಲಿ, ಏಕೆಂದರೆ ಅದಕ್ಕಿಂತ ಕೆಳಗಿನ ಸದ್ದು ಎಲ್ಲಿಂದ ಬಂತೆಂದು ಕಿವಿ ಸುಲಭವಾಗಿ ಗುರುತಿಸಲಾರದು. 150 ಹರ್ಟ್ಜ್‌ನಲ್ಲಿ ಮಾತ್ರ ಖಂಡಿತ ಗುರುತಿಸುತ್ತದೆ.

ಇದನ್ನು ನಿಮ್ಮ ಸಂಗೀತಕ್ಕೆ ಹಚ್ಚಿ ನೋಡೋಣ. ಗಾಯಕರ ಷಡ್ಜ ಕಪ್ಪು ಒಂದಾದರೆ (ಹಾರ್ಮೋನಿಯಂನ ಮೊದಲ ಕಪ್ಪು ಮನೆ) ಅದು ಸುಮಾರು 138 ಹರ್ಟ್ಜ್. ಮಂದ್ರ ಪಂಚಮಕ್ಕೆ ಇಳಿದರೆ 104, ತಂಬೂರಿಯ ಖರ್ಜದ ತಂತಿ 69. ಆಲಾಪದಲ್ಲಿ ಅವರು ಮಧ್ಯ ಸಪ್ತಕದಿಂದ ನಿಧಾನವಾಗಿ ಮಂದ್ರಕ್ಕೆ ಇಳಿಯುವಾಗ ಅಗ್ಗದ 2.1 ಸೆಟ್ಟಿನಲ್ಲಿ ಏನಾಗುತ್ತದೆಂದರೆ, ಎದುರಿಗೆ ಕೂತು ಹಾಡುತ್ತಿದ್ದ ಗಾಯಕರು ನಿಷಾದ ಧೈವತ ದಾಟುವಷ್ಟರಲ್ಲಿ ಎದ್ದು ಮೇಜಿನ ಕೆಳಗೆ ಹೋಗಿ ಕೂತುಬಿಟ್ಟಂತಾಗುತ್ತದೆ. ಇನ್ನೂ ಕೆಟ್ಟ ಸೆಟ್ಟಿನಲ್ಲಿ ಮೇಲಿನವು ಬೇಗ ಕೈಬಿಟ್ಟು ಕೆಳಗಿನದು ತಡವಾಗಿ ಕೈಹಿಡಿಯುವುದರಿಂದ ನಡುವಿನ ಎರಡು ಮೂರು ಸ್ವರಗಳು ತೆಳ್ಳಗಾಗಿಬಿಡುತ್ತವೆ. ಗಂಗೂಬಾಯಿ ಹಾನಗಲ್ ಅವರ ಗಂಭೀರ ಕಂಠದ ಧ್ವನಿಮುದ್ರಣ ನಿಮ್ಮ ಬಳಿ ಇದ್ದೇ ಇರುತ್ತದೆ. ಅವರ ದನಿಯ ಭಾರ ಎಲ್ಲಿ ಕಡಿಮೆಯಾಯಿತು ಎಂಬುದನ್ನು ನಿಮ್ಮ ಕಿವಿ ಯಾವ ಯಂತ್ರಕ್ಕಿಂತಲೂ ಬೇಗ ಹೇಳುತ್ತದೆ.

ಮೇಲಿನ ತುದಿಯ ಪರೀಕ್ಷೆಗೂ ತಂಬೂರಿಯೇ ಸಾಕು. ತಂತಿಗೆ ಝೇಂಕಾರ ಕೊಡುವ ಜವಾರಿ ಚೆನ್ನಾಗಿ ಹಿಡಿಸಿದ ತಂಬೂರಿಯಲ್ಲಿ ಮೂಲಸ್ವರದ ಮೇಲೆ ಅನುಸ್ವರಗಳು ಕೆಲವು ಸಾವಿರ ಹರ್ಟ್ಜ್‌ವರೆಗೆ ಒಂದರ ಮೇಲೊಂದು ಏಳುತ್ತವೆ. ಒಳ್ಳೆಯ ಟ್ವೀಟರ್‌ನಲ್ಲಿ, ಅಂದರೆ ಮೇಲುಸ್ವರ ನುಡಿಸುವ ಸಣ್ಣ ಸ್ಪೀಕರಿನಲ್ಲಿ, ಅವು ಬಿಡಿಬಿಡಿಯಾಗಿ ಹೊಳೆಯುತ್ತವೆ, ಕೆಟ್ಟದರಲ್ಲಿ ಎಲ್ಲವೂ ಕಲೆತು ಮಳೆಗಾಲದ ಜೀರುಂಡೆಯ ಹಾಗೆ ಕೇಳಿಸುತ್ತದೆ.

ಮೊಮ್ಮಗನಿಗೆ ಹೇಳಬೇಕಾದದ್ದು ಇಷ್ಟು. ಗೇಮಿನಲ್ಲಿ ಗೆಲ್ಲಿಸುವ ಸದ್ದುಗಳು, ಅಂದರೆ ಎದುರಾಳಿಯ ಹೆಜ್ಜೆ, ಬಂದೂಕಿಗೆ ಗುಂಡು ತುಂಬುವ ಟಿಕ್ಕು, ಬಾಗಿಲಿನ ಕಿರುಗುಟ್ಟುವಿಕೆ, ಇವು ಬಹುಪಾಲು ನಡು ಮತ್ತು ಮೇಲುಸ್ವರಗಳಲ್ಲಿ ಇರುತ್ತವೆ. ಸಬ್‌ವೂಫರನ್ನು ಅತಿಯಾಗಿ ಏರಿಸಿಕೊಂಡರೆ ಸ್ಫೋಟದ ಗುಡುಗಿನಲ್ಲಿ ಅವು ಮುಚ್ಚಿಹೋಗುತ್ತವೆ. ಸ್ಫೋಟ ಎದೆಗೆ ತಟ್ಟಬೇಕೆಂಬ ಅವನ ಆಸೆಯನ್ನು ನಾನು ಅಲ್ಲಗಳೆಯುವುದಿಲ್ಲ, ಅದೂ ಒಂದು ಸುಖವೇ. ಆದರೆ ಅದೇ ಹಣದಲ್ಲಿ ನಾಲ್ಕು ಇಂಚಿನ ವೂಫರ್ (ಕೆಳಸ್ವರದ ಕೋನ್), ಪ್ರತ್ಯೇಕ ಟ್ವೀಟರ್ ಇರುವ 2.0 ಜೋಡಿ, ಅಂದರೆ ಕೆಳಗಿನ ಡಬ್ಬಿ ಇಲ್ಲದ ಜೋಡಿ, ಇಬ್ಬರಿಗೂ ನ್ಯಾಯ ಒದಗಿಸುತ್ತದೆ. ಎಡಿಫೈಯರ್ ಆರ್1280ಟಿ ಈ ಬಗೆಯದಕ್ಕೆ ಒಂದು ಉದಾಹರಣೆ: ನಾಲ್ಕು ಇಂಚಿನ ವೂಫರ್, 13 ಮಿಲಿಮೀಟರ್ ರೇಷ್ಮೆ ಗುಮ್ಮಟದ ಟ್ವೀಟರ್, ಎರಡೂ ಸೇರಿ 42 ವ್ಯಾಟ್, ಬದಿಯಲ್ಲಿ ಬೇಸ್ (ಕೆಳಸ್ವರ) ಮತ್ತು ಟ್ರೆಬಲ್ (ಮೇಲುಸ್ವರ) ತಿರುಪುಗಳು. ಅದನ್ನೇ ಕೊಳ್ಳಿ ಎನ್ನುತ್ತಿಲ್ಲ, ಆ ಮೈಕಟ್ಟಿನದನ್ನು ಹುಡುಕಿ ಎನ್ನುತ್ತಿದ್ದೇನೆ. ಸಬ್‌ವೂಫರ್‌ಗೆ ಬೇರೆ ಔಟ್‌ಪುಟ್ ಇರುವ ಮಾದರಿ ಸಿಕ್ಕರೆ ಮುಂದೆ ಅವನು ಸಂಪಾದಿಸುವ ಕಾಲಕ್ಕೆ ಗುಡುಗನ್ನು ತಾನೇ ಸೇರಿಸಿಕೊಳ್ಳಬಹುದು.

ಪ್ರಶ್ನೆ: ಬ್ಲೂಟೂತ್ ಸ್ಪೀಕರಿನಲ್ಲಿ ಸಿನಿಮಾ ಸರಿಯಾಗಿ ಬರುತ್ತದೆ, ಗೇಮ್ ಆಡುವಾಗ ಮಾತ್ರ ಗುಂಡು ಹಾರಿದ ಮೇಲೆ ಸದ್ದು ಬರುತ್ತದೆ. ಸ್ಪೀಕರ್ ಕೆಟ್ಟಿದೆಯೇ? ಹಾಗೆಯೇ, ಹೆಜ್ಜೆಯ ದಿಕ್ಕು ಗುರುತಿಸಲು ಸ್ಪೀಕರ್ ಸಾಕೇ?
— ಓದುಗರು, ಬೆಂಗಳೂರು

ಉತ್ತರ: ಕೆಟ್ಟಿಲ್ಲ. ಬ್ಲೂಟೂತ್‌ನಲ್ಲಿ ಸದ್ದನ್ನು ಕುಗ್ಗಿಸಿ, ಪೊಟ್ಟಣ ಕಟ್ಟಿ ಕಳಿಸಿ, ಆ ತುದಿಯಲ್ಲಿ ಸ್ವಲ್ಪ ಕೂಡಿಟ್ಟುಕೊಂಡು ಬಿಚ್ಚಬೇಕಾಗುವುದರಿಂದ ಸಾಮಾನ್ಯವಾಗಿ 100ರಿಂದ 250 ಮಿಲಿಸೆಕೆಂಡಿನಷ್ಟು ತಡವಾಗುತ್ತದೆ. ಸಿನಿಮಾದಲ್ಲಿ ಮುಂದಿನ ಚಿತ್ರ ಯಾವುದೆಂದು ಪ್ಲೇಯರ್‌ಗೆ ಮೊದಲೇ ಗೊತ್ತಿರುವುದರಿಂದ ಅದು ಚಿತ್ರವನ್ನೂ ಅಷ್ಟೇ ತಡಮಾಡಿ ಹೊಂದಿಸಿಬಿಡುತ್ತದೆ. ಗೇಮಿನಲ್ಲಿ ನೀವು ಗುಂಡಿ ಯಾವಾಗ ಒತ್ತುತ್ತೀರೆಂದು ಯಾರಿಗೂ ಗೊತ್ತಿಲ್ಲವಾದ್ದರಿಂದ ಆ ಉಪಾಯ ನಡೆಯುವುದಿಲ್ಲ. 200 ಮಿಲಿಸೆಕೆಂಡ್ ಎಂದರೆ ಸದ್ದು ಗಾಳಿಯಲ್ಲಿ ಸುಮಾರು 68 ಮೀಟರ್ ಸಾಗುವ ಹೊತ್ತು. ಬೌಂಡರಿ ಗೆರೆಯ ಬಳಿ ನಿಂತವರಿಗೆ ಚೆಂಡಿಗೆ ಬ್ಯಾಟು ತಗುಲಿದ್ದು ಮೊದಲು ಕಂಡು ಟಕ್ ಎಂಬುದು ಆಮೇಲೆ ಕೇಳುತ್ತದಲ್ಲ, ನಿಮ್ಮ ಮೇಜಿನ ಮೇಲೆ ಆಗುತ್ತಿರುವುದು ಅದೇ. ಸೆಕೆಂಡಿಗೆ 60 ಚಿತ್ರ ತೋರಿಸುವ ಪರದೆಯಲ್ಲಿ ಅಷ್ಟು ಹೊತ್ತಿಗೆ 12 ಚಿತ್ರಗಳು ಕಳೆದುಹೋಗಿರುತ್ತವೆ. ಆಡುವಾಗ ಮೂರೂವರೆ ಮಿಲಿಮೀಟರ್ ಆಕ್ಸ್ ವೈರನ್ನೋ ಯುಎಸ್‌ಬಿ ವೈರನ್ನೋ ಹಾಕಿ, ಬ್ಲೂಟೂತನ್ನು ಮೊಬೈಲಿನ ಹಾಡಿಗೆ ಉಳಿಸಿಕೊಳ್ಳಿ.

ಇನ್ನು ದಿಕ್ಕಿನ ಮಾತು. ಎಡ ಬಲ ಮತ್ತು ಅವುಗಳ ನಡುವಿನ ಜಾಗವನ್ನು ಎರಡು ಸ್ಪೀಕರ್‌ಗಳು ಚೆನ್ನಾಗಿ ತೋರಿಸುತ್ತವೆ, ಹಿಂದೆ ಮತ್ತು ಮೇಲೆ ಎಂಬುದನ್ನು ತೋರಿಸಲಾರವು. ಪಂದ್ಯದ ಮಟ್ಟದಲ್ಲಿ ಆಡುವವರಿಗೆ ಹೆಡ್‌ಫೋನೇ ಸರಿ. ಇಲ್ಲಿ ಬಹಳ ಮಂದಿ ಎಡವುವ ಒಂದು ಕಲ್ಲಿದೆ. ಹೆಡ್‌ಫೋನ್‌ನಲ್ಲಿ ದಿಕ್ಕು ತೋರಿಸಲು ಗೇಮುಗಳಲ್ಲಿ ಎಚ್‌ಆರ್‌ಟಿಎಫ್ ಎಂಬ ಸೌಲಭ್ಯ ಇರುತ್ತದೆ, ವಿಂಡೋಸ್‌ನಲ್ಲಿ ವಿಂಡೋಸ್ ಸೋನಿಕ್ ಇದೆ. ಸದ್ದು ತಲೆ ಮತ್ತು ಹಾಲೆಗಿವಿಯನ್ನು ಸುತ್ತಿ ಬರುವಾಗ ಆಗುವ ಬದಲಾವಣೆಯನ್ನು ಅವು ಲೆಕ್ಕದಿಂದ ಸೇರಿಸುತ್ತವೆ. ಸ್ಪೀಕರಿನಲ್ಲಿ ಕೇಳುವಾಗ ನಿಮ್ಮ ನಿಜವಾದ ತಲೆ ಮತ್ತು ಕಿವಿ ಆ ಕೆಲಸವನ್ನು ಹೇಗೂ ಮಾಡುತ್ತಿರುವುದರಿಂದ ಎರಡು ಸಲ ಉಪ್ಪು ಹಾಕಿದ ಸಾರಿನಂತಾಗಿ ಹಾಡೂ ಗೇಮೂ ಎರಡೂ ಕೆಡುತ್ತವೆ. ಸ್ಪೀಕರಿಗೆ ಬದಲಾಯಿಸಿದಾಗ ಇವೆರಡನ್ನೂ ಆಫ್ ಮಾಡಿ, ಗೇಮಿನ ಸೆಟ್ಟಿಂಗಿನಲ್ಲಿ ಸ್ಟೀರಿಯೊ ಸ್ಪೀಕರ್ ಎಂದು ಆಯ್ಕೆ ಮಾಡಿ.

ಪ್ರಶ್ನೆ: ವಿಮರ್ಶೆಗಳಲ್ಲಿ ಹೊಗಳಿಸಿಕೊಂಡ ಸ್ಪೀಕರನ್ನೇ ಕೊಂಡೆ. ಮನೆಗೆ ತಂದು ಮೂಲೆಯ ಮೇಜಿನ ಮೇಲಿಟ್ಟರೆ ಎಲ್ಲವೂ ಗುಮ್ಮೆನ್ನುತ್ತದೆ, ಮಾತು ಸ್ಪಷ್ಟವಿಲ್ಲ. ಹಿಂದಿರುಗಿಸಲೇ?
— ಓದುಗರು, ಶಿವಮೊಗ್ಗ

ಉತ್ತರ: ಈ ಪತ್ರದ ಜೊತೆ ನೀವು ಕಳಿಸಿದ ಫೋಟೊದಲ್ಲಿ ಒಂದು ಸ್ಪೀಕರ್ ಗೋಡೆಗೆ ಅಂಟಿಕೊಂಡಿದೆ, ಇನ್ನೊಂದರ ಮುಂದೆ ಪೆನ್ನಿನ ಡಬ್ಬಿ ಮತ್ತು ನೀರಿನ ಬಾಟಲಿ ಇವೆ. ಹಿಂದಿರುಗಿಸುವ ಮೊದಲು ಒಂದು ಭಾನುವಾರ ಬೆಳಿಗ್ಗೆ ಖರ್ಚಿಲ್ಲದೆ ಮಾಡಬಹುದಾದ ಕೆಲಸಗಳಿವೆ.

ಗೋಡೆಯ ಹತ್ತಿರ ಇಟ್ಟ ಸ್ಪೀಕರಿನ ಬೇಸ್ 6 ಡೆಸಿಬೆಲ್‌ವರೆಗೂ ಏರಬಲ್ಲದು. ಮೂಲೆಯಲ್ಲಿ ಎರಡು ಗೋಡೆಗಳು ಸೇರುವುದರಿಂದ ಇನ್ನೂ ಹೆಚ್ಚು. ಮೇಜನ್ನು ಮೂಲೆಯಿಂದ ತೆಗೆದು ಒಂದೇ ಗೋಡೆಯ ನಡುಭಾಗಕ್ಕೆ ತನ್ನಿ, ಸ್ಪೀಕರ್‌ಗಳ ಬೆನ್ನಿಗೂ ಗೋಡೆಗೂ ಒಂದು ಗೇಣಾದರೂ ಅಂತರ ಬಿಡಿ. ಬೆನ್ನಿನಲ್ಲಿ ಗಾಳಿಯ ತೂತು ಇದ್ದು, ಜಾಗವೂ ಸಾಲದೆ ಹೋದರೆ ಆ ತೂತಿಗೆ ಒಂದು ಕಾಲುಚೀಲವನ್ನು ಸಡಿಲವಾಗಿ ತುರುಕಿ ನೋಡಿ. ನಗೆಪಾಟಲೆನಿಸಿದರೂ ಗುಮ್ಮೆನ್ನುವುದು ಗಣನೀಯವಾಗಿ ತಗ್ಗುತ್ತದೆ. ಎರಡು ಸ್ಪೀಕರ್‌ಗಳ ನಡುವೆ ಎಷ್ಟು ದೂರವೋ ಅಷ್ಟೇ ದೂರದಲ್ಲಿ ನಿಮ್ಮ ತಲೆ ಇರಬೇಕು, ಎರಡರ ಮುಖವೂ ನಿಮ್ಮತ್ತ ಸ್ವಲ್ಪ ತಿರುಗಿರಬೇಕು, ಟ್ವೀಟರ್ ಕಿವಿಯ ಎತ್ತರಕ್ಕೆ ಬರಬೇಕು. ನನ್ನ ಮನೆಯಲ್ಲಿ ಈ ಎತ್ತರವನ್ನು ಒದಗಿಸುತ್ತಿರುವುದು ಯಾರೂ ತೆರೆಯದ ಎರಡು ದಪ್ಪ ನಿಘಂಟುಗಳು. ಕ್ರಿಯೇಟಿವ್ ಕಂಪನಿಯ ಪೆಬಲ್ ಎಂಬ ಉಂಡೆ ಸ್ಪೀಕರ್‌ಗಳ ಕೋನ್ 45 ಡಿಗ್ರಿ ಮೇಲ್ಮುಖವಾಗಿರುವುದೂ ಇದೇ ಕಾರಣಕ್ಕೆ. ಮೊದಲ ಪೆಬಲ್‌ನ ಶಕ್ತಿ ಬರೀ 4.4 ವ್ಯಾಟ್, ಆದರೂ ಸದ್ದು ನೇರವಾಗಿ ಕಿವಿಗೆ ಬರುವುದರಿಂದ ಅದರ ಮಾತು ಸ್ಪಷ್ಟ.

ಮಾತು ಮಸುಕಾಗಲು ಇನ್ನೊಂದು ಕಾರಣ ಮೇಜಿನ ಮೇಲ್ಮೈ. ಸ್ಪೀಕರಿನಿಂದ ನೇರವಾಗಿ ಬಂದ ಸದ್ದಿನ ಬೆನ್ನಿಗೇ ಮೇಜಿಗೆ ಬಡಿದು ಬಂದ ಸದ್ದೂ ಕಿವಿ ಸೇರುವುದರಿಂದ ಕೆಲವು ಸ್ವರಗಳು ಕೂಡಿಕೊಂಡು ಕೆಲವು ಕಳೆದುಹೋಗುತ್ತವೆ. ಅದು ಬಡಿಯುವ ಜಾಗವನ್ನು ಕಂಡುಹಿಡಿಯಲು ನೀವು ಕುರ್ಚಿಯಲ್ಲಿ ಕೂತು, ಮನೆಯವರೊಬ್ಬರಿಂದ ಒಂದು ಸಣ್ಣ ಕನ್ನಡಿಯನ್ನು ಮೇಜಿನ ಮೇಲೆ ಮಲಗಿಸಿ ಸರಿಸುತ್ತ ಹೋಗಲು ಹೇಳಿ. ಕನ್ನಡಿಯಲ್ಲಿ ಟ್ವೀಟರ್ ಕಂಡ ಜಾಗದಲ್ಲಿ ಒಂದು ಮಡಿಸಿದ ಟವೆಲ್ ಹಾಸಿ ಅದೇ ಹಾಡನ್ನು ಮತ್ತೆ ಕೇಳಿ.

ನಿಮ್ಮ ಸ್ಪೀಕರ್‌ಗಳ ನಡುವೆ ಕೆಂಪು ಕಪ್ಪು ವೈರು ಇದ್ದರೆ ಅದನ್ನೂ ಒಮ್ಮೆ ನೋಡಿ. ಒಂದು ಕಡೆ ಅದಲುಬದಲಾದರೆ ಒಂದು ಕೋನ್ ಮುಂದೆ ಬರುವಾಗ ಇನ್ನೊಂದು ಹಿಂದೆ ಹೋಗುತ್ತದೆ. ಬೇಸ್ ಮಾಯವಾಗಿ, ನಡುವೆ ನಿಲ್ಲಬೇಕಾದ ಗಾಯಕರ ದನಿ ಕೋಣೆಯಲ್ಲೆಲ್ಲ ಚದುರಿದಂತೆ ಕೇಳುತ್ತದೆ. ಇಷ್ಟೆಲ್ಲ ಆದ ಮೇಲೂ ಗುಮ್ಮೆನ್ನುವುದು ಉಳಿದರೆ ಈಕ್ವಲೈಸರ್ ಎಪಿಒ ಎಂಬ ಉಚಿತ ತಂತ್ರಾಂಶವನ್ನು ವಿಂಡೋಸ್‌ಗೆ ಹಾಕಿಕೊಂಡು, 100ರಿಂದ 200 ಹರ್ಟ್ಜ್ ನಡುವೆ ಉಬ್ಬಿರುವ ಜಾಗವನ್ನು ಮೂರು ನಾಲ್ಕು ಡೆಸಿಬೆಲ್ ಇಳಿಸಿ. ಉಬ್ಬನ್ನು ಇಳಿಸಬಹುದು, ತಗ್ಗನ್ನು ಏರಿಸಲು ಹೋಗಬೇಡಿ. ಸಣ್ಣ ಕೋನ್ ಆ ಭಾರವನ್ನು ತಡೆಯದೆ ಗೊರಗೊರ ಎನ್ನುತ್ತದೆ.

ಪ್ರಶ್ನೆ: ಅಮೆರಿಕದಲ್ಲಿರುವ ಅಣ್ಣ ಬರುವಾಗ ಸ್ಪೀಕರ್ ತರುತ್ತೇನೆ ಎಂದಿದ್ದಾನೆ. ಇಲ್ಲಿ ನಡೆಯುತ್ತದೆಯೇ?
— ಓದುಗರು, ಹಾಸನ

ಉತ್ತರ: ಅಲ್ಲಿನ ವಿದ್ಯುತ್ 120 ವೋಲ್ಟ್, ನಮ್ಮದು 230 ವೋಲ್ಟ್. ಅಡಾಪ್ಟರಿನ ಅಥವಾ ಸ್ಪೀಕರಿನ ಬೆನ್ನಿನ ಮೇಲೆ 100–240 ವೋಲ್ಟ್ ಎಂದಿದ್ದರೆ ಪಿನ್ ಬದಲಿಸುವ ಕೊಂಡಿಯೊಂದೇ ಸಾಕು. 120 ವೋಲ್ಟ್ ಎಂದಷ್ಟೇ ಇದ್ದರೆ ನೇರವಾಗಿ ಹಾಕಿದ ಮೊದಲ ನಿಮಿಷದಲ್ಲೇ ಸುಟ್ಟುಹೋಗಬಹುದು. ಇಳಿಕೆ ಟ್ರಾನ್ಸ್‌ಫಾರ್ಮರ್ ಬೇಕಾಗುತ್ತದೆ. ಅಣ್ಣನಿಗೆ ಕೊಳ್ಳುವ ಮೊದಲೇ ಬೆನ್ನಿನ ಫೋಟೊ ಕಳಿಸಲು ಹೇಳಿ. ಸಾಗಿಸುವ ಭಾರ, ಕೆಟ್ಟರೆ ವಾರಂಟಿ ಇಲ್ಲದಿರುವುದು ಇವನ್ನೆಲ್ಲ ಎಣಿಸಿದರೆ ಇಲ್ಲೇ ಕೊಳ್ಳುವುದು ವಾಸಿ ಎಂದು ನನಗನ್ನಿಸುತ್ತದೆ.

ಪ್ರಶ್ನೆ: ಸ್ಪೀಕರಿನಿಂದ ಸದಾ ಗುಂಯ್ ಎಂಬ ಸದ್ದು. ಮೌಸ್ ಎಳೆದಾಗ ಕ್ರೀ ಎನ್ನುತ್ತದೆ, ಗೇಮ್ ಶುರುವಾದರೆ ಅದು ಇನ್ನೂ ಜೋರು. ಹೊಸ ಸೌಂಡ್ ಕಾರ್ಡ್ ಹಾಕಿಸಬೇಕೆ?
— ಓದುಗರು, ಹುಬ್ಬಳ್ಳಿ

ಉತ್ತರ: ಹಣ ಖರ್ಚು ಮಾಡುವ ಮೊದಲು ಆಕ್ಸ್ ವೈರನ್ನು ಕಂಪ್ಯೂಟರಿನಿಂದ ಕಿತ್ತು, ಚಾರ್ಜಿಗೆ ಹಾಕಿರದ ಮೊಬೈಲಿಗೆ ಚುಚ್ಚಿ. ಸದ್ದು ನಿಂತುಹೋದರೆ ಸ್ಪೀಕರ್ ಸರಿಯಿದೆ, ತೊಂದರೆ ಇರುವುದು ಎರಡು ದಾರಿಗಳಲ್ಲಿ ಹರಿಯುತ್ತಿರುವ ಅರ್ಥಿಂಗ್‌ನಲ್ಲಿ. ಕಂಪ್ಯೂಟರಿಗೂ ಸ್ಪೀಕರಿಗೂ ಆಕ್ಸ್ ವೈರಿನ ಮೂಲಕ ಒಂದು ಕೊಂಡಿ, ವಿದ್ಯುತ್ತಿನ ಮೂಲಕ ಇನ್ನೊಂದು ಕೊಂಡಿ ಆಗಿ ಒಂದು ಉಂಗುರ ಏರ್ಪಡುತ್ತದೆ. ನಮ್ಮ ಕರೆಂಟಿನ 50 ಹರ್ಟ್ಜ್ ಕಂಪನ ಮತ್ತು ಅದರ ಇಮ್ಮಡಿಗಳು ಆ ಉಂಗುರದಲ್ಲಿ ಹರಿದು ಗುಂಯ್ ಎನ್ನುತ್ತವೆ. ಕ್ರೀ ಎಂಬುದು ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎಳೆಯುವ ವಿದ್ಯುತ್ತಿನ ಏರಿಳಿತ. ಗೇಮ್ ಶುರುವಾದಾಗ ಹೆಚ್ಚುವುದು ಅದಕ್ಕೇ.

ಸ್ಪೀಕರ್ ಯುಎಸ್‌ಬಿಯಿಂದ ವಿದ್ಯುತ್ ಪಡೆಯುವಂಥದಾದರೆ ಆ ವೈರನ್ನು ಕಂಪ್ಯೂಟರಿನ ಬದಲು ಮೊಬೈಲ್ ಚಾರ್ಜರಿಗೆ ಹಾಕಿ. ಅರ್ಧಕ್ಕರ್ಧ ದೂರುಗಳು ಅಲ್ಲಿಗೇ ಮುಗಿಯುವುದನ್ನು ನೋಡಿದ್ದೇನೆ. ಗೋಡೆಯ ಪ್ಲಗ್ಗಿನದಾದರೆ ಕಂಪ್ಯೂಟರ್ ಮತ್ತು ಸ್ಪೀಕರ್ ಎರಡನ್ನೂ ಒಂದೇ ಸ್ಪೈಕ್ ಬಸ್ಟರಿಗೆ ತನ್ನಿ. ಅದಕ್ಕೂ ಬಗ್ಗದಿದ್ದರೆ ಆಕ್ಸ್ ವೈರಿನ ನಡುವೆ ಗ್ರೌಂಡ್ ಲೂಪ್ ಐಸೊಲೇಟರ್ ಎಂಬ ಬೆರಳುದ್ದದ ವಸ್ತುವನ್ನು ಸೇರಿಸಬಹುದು. ಅದರೊಳಗಿರುವುದು ಸಣ್ಣ ಟ್ರಾನ್ಸ್‌ಫಾರ್ಮರ್. ಎರಡೂ ಕಡೆ ಆಪ್ಟಿಕಲ್ ಕಿಂಡಿ ಇದ್ದರಂತೂ ಬೆಳಕಿನ ವೈರಿನಲ್ಲಿ ವಿದ್ಯುತ್ತೇ ಹರಿಯುವುದಿಲ್ಲವಾದ್ದರಿಂದ ಉಂಗುರವೇ ಕಡಿದುಹೋಗುತ್ತದೆ. ಪ್ಲಗ್ಗಿನ ಮೂರನೆಯ ದಪ್ಪ ಪಿನ್ನನ್ನು ಕತ್ತರಿಸಿ ಸದ್ದು ನಿಲ್ಲಿಸಿಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ಖಂಡಿತ ಒಪ್ಪಬೇಡಿ. ಒಳಗೆ ಎಲ್ಲಾದರೂ ಕರೆಂಟು ಸೋರಿದಾಗ ಅದನ್ನು ನೆಲಕ್ಕೆ ಒಯ್ಯುವುದು ಆ ಪಿನ್ನೇ.

ಸೌಂಡ್ ಕಾರ್ಡಿನ ಮಾತಿಗೆ ಬಂದರೆ, 1989ರಲ್ಲಿ ಸಿಂಗಪುರದ ಕ್ರಿಯೇಟಿವ್ ಕಂಪನಿ ಸೌಂಡ್ ಬ್ಲಾಸ್ಟರನ್ನು ತಂದ ಕಾಲಕ್ಕೆ ಸಾಮಾನ್ಯ ಪಿಸಿಗೆ ಬೀಪ್ ಎನ್ನುವುದಕ್ಕಿಂತ ಹೆಚ್ಚೇನೂ ಬರುತ್ತಿರಲಿಲ್ಲ, ಆಗ ಅದು ಅನಿವಾರ್ಯವಾಗಿತ್ತು. ಇಂದಿನ ಮದರ್‌ಬೋರ್ಡಿನ ಹಸಿರು ಕಿಂಡಿಯಿಂದ ಬರುವ ಸದ್ದು ಮೇಜಿನ ಸಾಮಾನ್ಯ ಸ್ಪೀಕರ್‌ಗಳಿಗೆ ಸಾಕಷ್ಟು ಶುದ್ಧವಾಗಿದೆ.

ಪ್ರಶ್ನೆ: ಯೂಟ್ಯೂಬ್‌ನಲ್ಲಿ ಎರಡು ಸ್ಪೀಕರ್‌ಗಳ ಸದ್ದನ್ನು ಹೋಲಿಸಿ ತೋರಿಸುತ್ತಾರೆ. ಅದನ್ನು ಕೇಳಿ ತೀರ್ಮಾನಿಸಬಹುದೇ?
— ಓದುಗರು, ಕಲಬುರಗಿ

ಉತ್ತರ: ಆ ವಿಡಿಯೊದ ಸದ್ದು ನಿಮಗೆ ಕೇಳುವುದು ನೀವು ಬದಲಾಯಿಸಬೇಕೆಂದಿರುವ ಹಳೆಯ ಸ್ಪೀಕರಿನ ಮೂಲಕವೇ. ಅಡುಗೆ ಕಾರ್ಯಕ್ರಮ ನೋಡುತ್ತ ಒಗ್ಗರಣೆಯ ಘಮ ಹುಡುಕಿದಂತಾಯಿತು. ಗಾತ್ರ, ಕಿಂಡಿಗಳು, ತಿರುಪು ಎಲ್ಲಿದೆ ಎಂಬುದಕ್ಕೆ ಆ ವಿಡಿಯೊ ನೋಡಿ, ಸದ್ದಿಗೆ ಬೇಡ.

ಪ್ರಶ್ನೆ: ಹನ್ನೆರಡು ವರ್ಷ ಹಳೆಯ 2.1 ಸೆಟ್ ನನ್ನದು. ಇತ್ತೀಚೆಗೆ ಸಬ್‌ವೂಫರ್ ಬರ್ ಬರ್ ಎಂದು ಒಡೆದ ಸದ್ದು ಮಾಡುತ್ತದೆ. ಯಕ್ಷಗಾನದ ಮದ್ದಳೆ ಕೇಳಲು ಆಗುವುದೇ ಇಲ್ಲ. ಎಸೆದುಬಿಡಲೇ?
— ಓದುಗರು, ಕುಂದಾಪುರ

ಉತ್ತರ: ಜಾಲರಿ ಬಿಚ್ಚಿ ಕೋನಿನ ಸುತ್ತಲಿನ ಮೆತ್ತನೆಯ ಬಳೆಯನ್ನು ಬೆರಳಿನಿಂದ ಮೆಲ್ಲಗೆ ಮುಟ್ಟಿ. ನನ್ನ ಹಳೆಯ ಸೆಟ್ಟೊಂದರಲ್ಲಿ ಒಂದು ಮಳೆಗಾಲ ಮುಗಿದ ಮೇಲೆ ಹೀಗೆ ಮುಟ್ಟಿದಾಗ ಅದು ಹಳೆಯ ಹಪ್ಪಳದಂತೆ ಪುಡಿಯಾಗಿ ಅಂಗೈಗೆ ಬಂತು. ಆ ಬಳೆ ಫೋಮಿನದಾಗಿದ್ದರೆ ಗಾಳಿಯ ತೇವಕ್ಕೆ ವರ್ಷಗಳಲ್ಲಿ ಶಿಥಿಲವಾಗುತ್ತದೆ, ಕರಾವಳಿಯ ಹವೆಯಲ್ಲಿ ಇನ್ನೂ ಬೇಗ. ಕೋನ್, ಕಾಯಿಲ್, ಆ್ಯಂಪ್ಲಿಫೈಯರ್ ಚೆನ್ನಾಗಿದ್ದರೆ ಎಸೆಯಬೇಕಿಲ್ಲ. ಮೈಕ್ ಸೆಟ್ಟಿನ ಸ್ಪೀಕರ್ ರಿಪೇರಿ ಮಾಡುವವರು ಅದೇ ಅಳತೆಯ ಬಳೆ ತರಿಸಿ ಅಂಟಿಸಿಕೊಡುತ್ತಾರೆ. ರಬ್ಬರಿನ ಬಳೆಯನ್ನೇ ಕೇಳಿ. ಹೊಸ ಸ್ಪೀಕರ್ ಕೊಳ್ಳುವಾಗಲೂ ನಿಮ್ಮ ಊರಿನವರು ಇದನ್ನು ಮೊದಲು ನೋಡಬೇಕು.

ಪ್ರಶ್ನೆ: ಬೆಂಗಳೂರಿನ ಎಸ್‌.ಪಿ. ರಸ್ತೆಗೆ ಹೋಗಿ ಕೇಳಿಯೇ ಕೊಳ್ಳಬೇಕೆಂದಿದ್ದೇನೆ. ಅಂಗಡಿಯವರು ಹತ್ತು ನಿಮಿಷ ಬಿಡುತ್ತಾರೆ ಎಂದಿಟ್ಟುಕೊಳ್ಳೋಣ. ಆ ಹತ್ತು ನಿಮಿಷದಲ್ಲಿ ಏನನ್ನು ಕೇಳಬೇಕು?
— ಓದುಗರು, ಮೈಸೂರು

ಉತ್ತರ: ಅವರು ಹಾಕುವ ಹಾಡನ್ನು ಕೇಳಬೇಡಿ, ಧಂಧಂ ಎನ್ನುವ ಆ ಹಾಡನ್ನು ಆ ಸ್ಪೀಕರ್ ಚೆನ್ನಾಗಿ ನುಡಿಸುತ್ತದೆಂಬ ಕಾರಣಕ್ಕೇ ಅಲ್ಲಿ ಇಟ್ಟಿರುತ್ತಾರೆ. ನೀವು ನೂರು ಸಲ ಕೇಳಿದ ಮೂರು ಧ್ವನಿಮುದ್ರಣಗಳನ್ನು ಮೊಬೈಲಿನಲ್ಲಿ ಇಳಿಸಿಕೊಂಡು ಹೋಗಿ. ಒಂದರಲ್ಲಿ ಬರೀ ಮಾತಿರಲಿ. ಪರಿಚಿತರೊಬ್ಬರ ಮಾತನ್ನು ನೀವೇ ಮುದ್ರಿಸಿಕೊಂಡಿದ್ದರೆ ಅತ್ಯುತ್ತಮ, ಏಕೆಂದರೆ ಅವರ ನಿಜವಾದ ದನಿ ನಿಮಗೆ ಗೊತ್ತಿದೆ. ಅವರಿಗೆ ನೆಗಡಿಯಾದಂತೆಯೋ ಡಬ್ಬಿಯೊಳಗೆ ಕೂತು ಮಾತಾಡಿದಂತೆಯೋ ಕೇಳಿದರೆ ಆ ಸ್ಪೀಕರನ್ನು ಅಲ್ಲೇ ಬಿಡಿ. ಎರಡನೆಯದು ಚೆಂಡೆಯಂಥ ತೀಕ್ಷ್ಣ ಪೆಟ್ಟಿನದಿರಲಿ. ಪ್ರತಿ ಪೆಟ್ಟೂ ಬಿಡಿಯಾಗಿ ಕೇಳಬೇಕು, ಐದು ನಿಮಿಷ ಕೇಳಿದರೂ ಕಿವಿ ನೋಯಬಾರದು. ಮೂರನೆಯದು ನೀವು ಆಡುವ ಗೇಮಿನ ಎರಡು ನಿಮಿಷದ ಸದ್ದು.

ಎರಡು ಸೆಟ್ಟುಗಳನ್ನು ಹೋಲಿಸುವಾಗ ಎರಡರ ಸದ್ದಿನ ಮಟ್ಟವೂ ಸಮವಾಗಿರಲಿ, ಮೊಬೈಲಿನ ಡೆಸಿಬೆಲ್ ಆ್ಯಪ್ ಇದಕ್ಕೆ ಸಾಕು. ಒಂದೆರಡು ಡೆಸಿಬೆಲ್ ಜೋರಾಗಿರುವುದನ್ನು ಕಿವಿ ಜೋರು ಎಂದು ಗುರುತಿಸುವುದಿಲ್ಲ, ಚೆನ್ನಾಗಿದೆ ಎಂದು ಭ್ರಮಿಸುತ್ತದೆ; ಮಾರುವವರಿಗೆ ಇದು ನಮಗಿಂತ ಚೆನ್ನಾಗಿ ಗೊತ್ತು. ಆಮೇಲೆ ತಿರುಪನ್ನು ಬಹಳ ಕೆಳಕ್ಕೆ ಇಳಿಸಿ ಕೇಳಿ. ವಸತಿ ಪ್ರದೇಶದಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ 45 ಡೆಸಿಬೆಲ್ ಮೀರಬಾರದೆಂದು 2000ದ ಶಬ್ದಮಾಲಿನ್ಯ ನಿಯಮಗಳು ಹೇಳುತ್ತವೆ, ಪಕ್ಕದ ಫ್ಲ್ಯಾಟಿನವರೂ ಹೇಳುತ್ತಾರೆ, ಹಾಗಾಗಿ ನೀವು ಹೆಚ್ಚಾಗಿ ಕೇಳುವುದು ಸಣ್ಣ ಸದ್ದಿನಲ್ಲೇ. ಆ ಮಟ್ಟದಲ್ಲಿ ಅಗ್ಗದ ತಿರುಪುಗಳು ಎಡಕ್ಕೊಂದು ಬಲಕ್ಕೊಂದು ಸದ್ದು ಕೊಟ್ಟು ಗಾಯಕರನ್ನು ಒಂದು ಬದಿಗೆ ಎಳೆದುಬಿಡುತ್ತವೆ.

ಎಸ್‌.ಪಿ. ರಸ್ತೆಯ ಗದ್ದಲದಲ್ಲಿ ಒಂದನ್ನು ಮಾತ್ರ ಪರೀಕ್ಷಿಸಲು ಆಗುವುದಿಲ್ಲ, ಅದೆಂದರೆ ಸುಮ್ಮನಿರುವ ಸ್ಪೀಕರಿನ ಸುಯ್ ಎಂಬ ಸದ್ದು. ಬಿಲ್ಲು ಬರೆಸುವ ಮುನ್ನ ಬದಲಿಸಿಕೊಳ್ಳಲು ಎಷ್ಟು ದಿನದ ಅವಕಾಶವಿದೆ ಎಂದು ಕೇಳಿ, ಸಾಧ್ಯವಾದರೆ ಅದನ್ನು ಬಿಲ್ಲಿನ ಮೇಲೆಯೇ ಬರೆಸಿಕೊಳ್ಳಿ. ಅಂದು ರಾತ್ರಿ ಮನೆಯಲ್ಲಿ ಫ್ಯಾನ್ ಆರಿಸಿ, ಏನೂ ಹಾಡಿಸದೆ, ಟ್ವೀಟರಿನ ಹತ್ತಿರ ಕಿವಿ ಇಡಿ. ಕುರ್ಚಿಯಲ್ಲಿ ಕೂತಾಗಲೂ ಆ ಸುಯ್ ಕೇಳುತ್ತಿದ್ದರೆ ಬೆಳಿಗ್ಗೆ ಅದೇ ಡಬ್ಬಿಗೆ ಹಾಕಿ ಹಿಂದಿರುಗಿಸಿ.